ಐದು ದಿನದ ಹೆಸರುಗಳು

ಅಜ್ಜನಾದವನಿಗೆ ಮೊಮ್ಮಗಳ ಹೆಸರಿನ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರವಿಲ್ಲ ಎಂಬ ಕಾಯಿದೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಮಗಳು ನೇತ್ರಾಳ ಬಾಣಂತನ ನಡೆದದ್ದು ಶಿಗ್ಗಾಂವದ ನಮ್ಮ ಮನೆಯಲ್ಲಿ. ಎರೆಯುವ ನೀರು ಹೊತ್ತವನು ನಾನು. (ದಿನಕ್ಕೆ ನಾಲ್ಕು ಬಕೆಟ್. ನನ್ನ ನಡುವೇ ಸಾಕ್ಷಿ.) ಹೆಸರಿನ ಮಾತು ಬಂದಾಗ ಮಾತ್ರ ನನ್ನ ಹೆಂಡತಿ ವೀರವ್ವ, ನೇತ್ರಾ, ಹಿರೇಕೆರೂರಿನ ಅಳಿಯ ಮಾಲತೇಶ, ಅವನ ಅಕ್ಕ ಎಲ್ಲ ಫೋನಿನಲ್ಲಿ ಮಹಾಸಭೆ ಸೇರುತ್ತಿದ್ದರು. ನಾನು ಕೆಮ್ಮಿದರೂ ಸಾಕು, "ನಿಮಗ ಇದೆಲ್ಲಾ ತಿಳಿಯಂಗಿಲ್ಲ, ಸುಮ್ಮ ಕುಂದರ್ರಿ" ಎನ್ನುತ್ತಿದ್ದಳು ವೀರವ್ವ.

ನನಗೊಂದು ಆಸೆಯಿತ್ತು. ನನ್ನ ಅವ್ವನ ಹೆಸರು ಗಂಗವ್ವ. ಆಕೆ ಹೋಗಿ ಹನ್ನೆರಡು ವರ್ಷವಾಯಿತು. ಆ ಹೆಸರನ್ನು ಮನೆಯೊಳಗೆ ಮತ್ತೆ ಕೂಗಿ ಕರೆಯಬೇಕು, ಪುಟ್ಟದೊಂದು ಜೀವ ಓಗೊಡಬೇಕು ಎಂದು ನನ್ನ ಜೀವ ಹಂಬಲಿಸುತ್ತಿತ್ತು. ಹೇಳಲು ಮಾತ್ರ ಧೈರ್ಯವಿರಲಿಲ್ಲ. ಹಳೇ ಕಾಲದ ಹೆಸರೆಂದು ಇವರು ನಕ್ಕರೆ ನನ್ನ ಅವ್ವನನ್ನೇ ನೋಡಿ ನಕ್ಕ ಹಾಗಾಗುತ್ತದೆ.

ಆಗ ಹೊಳೆಯಿತು ಹೆಸರಿನ ಸಭೆಯೊಳಗೆ ಕಾಲಿಡುವ ಆ ಘನ ಉಪಾಯ. ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಉಂಗುರ, ಗೆಜ್ಜೆ ತರುತ್ತಾರೆ. ನಾನು ಕೂಸಿಗೆ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸವನ್ನೇ ಕೊಡುತ್ತೇನೆ ಎಂದು ಸಾರಿದೆ. ಕೂಸಿನ ಹೆಸರು, ಅದಕ್ಕೆ ಹೊಂದಿಸಿ ಅಪ್ಪನ ಹೆಸರು, ಕೊನೆಗೆ ಡಾಟ್ ಕಾಮ್. ಇಡೀ ಭೂಮಂಡಲದಲ್ಲಿ ಅಂಥ ವಿಳಾಸ ಒಬ್ಬರಿಗೇ ಸಿಗುವುದು. "ಬ್ಯಾರೆಯವ್ರು ತಗೊಂಡ ಹೆಸರು ನಮಗ ಬ್ಯಾಡ. ಖಾಲಿ ಇದ್ದ ಹೆಸರನ್ನ ಇಡೂಣು" ಎಂದು ನಿಯಮವನ್ನೂ ಹಾಕಿದೆ. ಅಳಿಯ ಕುಣಿದಾಡಿದ. ಅವನು ಒಪ್ಪಿದ ಮೇಲೆ ನಮ್ಮ ಮನೆಯಲ್ಲಿ ಎದುರಾಡುವವರು ಯಾರೂ ಇಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಫರ್ಹತಳ ಆನ್‌ಲೈನ್ ಸೆಂಟರ್ ಇದೆ. ನಾನು ಹೈಸ್ಕೂಲಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದಾಗ ಅಲ್ಲಿ ಓದಿದ ಹುಡುಗಿ. ಯಾವುದೋ ಕಂಪನಿಯ ಪರವಾಗಿ ಇಂಥ ವಿಳಾಸಗಳನ್ನೂ ಮಾಡಿಸಿಕೊಡುತ್ತಾಳೆ. ಮಹಾಸಭೆ ಒಪ್ಪಿದ ಮೊದಲ ಹೆಸರು ಕೊಂಡ ಮರುದಿನವೇ, ಅದು ಬೀಗತಿಯ ಜಗಳಗಂಟಿ ವಾರಗಿತ್ತಿಯ ಹೆಸರು ಎಂದು ತಿಳಿಯಿತು.

"ಚಿಂತಿ ಮಾಡಬ್ಯಾಡ್ರಿ ಸರ್. ಐದ ದಿನದೊಳಗ ವಾಪಸ್ ಮಾಡಬಹುದು, ರೊಕ್ಕಾನೂ ಬರ್ತೈತಿ" ಎಂದಳು ಫರ್ಹತ.

ಎರಡನೆಯದರಲ್ಲಿ ನಾನು ಅಳಿಯನ ಹೆಸರನ್ನೇ ತಪ್ಪು ಒತ್ತಿದ್ದೆ. ಅದೂ ವಾಪಸ್ಸಾಯಿತು, ಅಷ್ಟರಲ್ಲಿ ಮಹಾಸಭೆ ಬೇರೆ ಹೆಸರಿಗೆ ಹಾರಿತ್ತು. ಇಲ್ಲಿಯವರೆಗೆ ನಾನು ಸಂಭಾವಿತ.

ಆದರೆ 'ಐದು ದಿನ' ಎಂಬ ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಮೊದಲು ಗಂಗಾ ಎಂಬ ಹೆಸರನ್ನು ಯಾರಿಗೂ ಹೇಳದೆ ಹತ್ತು ವರ್ಷಕ್ಕೆ ಕೊಂಡೆ. ಆಮೇಲೆ ಮಹಾಸಭೆಯಲ್ಲಿ ಯಾವ ಹೆಸರಿಗೆ ಎಲ್ಲರ ಒಲವು ಕಂಡರೂ ಸರಿ, ಕೊತ್ತಂಬರಿ ತರುವ ನೆವದಲ್ಲಿ ಹೋಗಿ ಅದನ್ನು ಕೊಂಡುಬಿಡುತ್ತಿದ್ದೆ. ಮರುದಿನ ಅಳಿಯ ಹುಡುಕಿದರೆ 'ಈ ಹೆಸರು ಲಭ್ಯವಿಲ್ಲ'. ನಾಲ್ಕನೆಯ ದಿನ ನಾನು ವಾಪಸ್ ಮಾಡಿ, ಅದೇ ರೊಕ್ಕವನ್ನು ಮುಂದಿನ ಹೆಸರಿಗೆ ಹಾಕುತ್ತಿದ್ದೆ. ಒಮ್ಮೊಮ್ಮೆ ಮೂರು ನಾಲ್ಕು ಹೆಸರು ಒಟ್ಟಿಗೇ ನನ್ನ ಕೈಯಲ್ಲಿರುತ್ತಿದ್ದವು. ಹೀಗೆ ಹನ್ನೊಂದು ಹೆಸರು. ಮನೆಯಲ್ಲಿ ಕೊತ್ತಂಬರಿ ಬಾಡುತ್ತಾ ಬಿದ್ದಿತ್ತು.

"ಇದೇನ್ರಿ ಇದು! ಜಗತ್ತಿನ್ಯಾಗ ಮಾಲತೇಶನ ಮಕ್ಕಳು ಇಷ್ಟ ಮಂದಿ ಅದಾರೇನು?" ಎಂದು ವೀರವ್ವ ಬೆರಗಾದಳು.

"ನಮ್ಮ ಜಿಲ್ಲಾದಾಗ ಮಾಲತೇಶಗೋಳಿಗೆ ಬರ ಐತೇನ? ಓಣಿಗೆ ನಾಲ್ಕ ಮಂದಿ ಅದಾರ" ಎಂದೆ. ಫೋನಿನ ಆಚೆ ಅಳಿಯ ಪಾಪ, ಏನೂ ಮಾಡದೆಯೂ ತೊದಲುತ್ತಿದ್ದ.

ಎಲ್ಲರೂ ಕೈಚೆಲ್ಲಿದಾಗ 'ನೋಡ್ರಿ, ಇದೊಂದು ನನ್ನ ಕೈಗೆ ಸಿಕ್ಕೈತಿ' ಎಂದು ಗಂಗೆಯನ್ನು ಧರೆಗಿಳಿಸುವುದು ನನ್ನ ವ್ಯೂಹ. ಅಷ್ಟರಲ್ಲಿ ಒಂದು ಸಂಜೆ ಅಳಿಯನ ಅಕ್ಕ 'ಕಿಯಾಂಶಿ' ಎಂದಳು. ಅಳಿಯ ನಿಂತ ನಿಲುವಿನಲ್ಲೇ ಫೋನಿನಲ್ಲಿ ಹುಡುಕಿ ಅಲ್ಲೇ ಕೊಂಡುಬಿಟ್ಟ. ಇಪ್ಪತ್ತೊಂದನೇ ದಿನ ತೊಟ್ಟಿಲ ಮುಂದೆ ಸೋದರತ್ತೆ ಕೂಸಿನ ಕಿವಿಯಲ್ಲಿ ಅದನ್ನೇ ಉಸುರಿದಳು. ಕೂಸು ಅತ್ತಿತು. ನನಗೂ ಅಳು ಬಂದಿತ್ತು.

ನಾವು ಊಟಕ್ಕೆ ಕರೆದಿದ್ದ ಫರ್ಹತ, ಬೀಗರು ಎದ್ದು ಹೋದ ಮೇಲೆ ಬಂದಳು. ಕೈಯಲ್ಲೊಂದು ಕಾಗದ, ಮುಖ ಸಣ್ಣದಾಗಿತ್ತು.

"ಸರ್, ಕಂಪನಿಯವ್ರು ಪತ್ರ ಕಳಿಸ್ಯಾರ. ಹದಿಮೂರ ಹೆಸರು ತಗೊಂಡು ಹದಿಮೂರೂ ವಾಪಸ್ ಮಾಡೀರಿ, ಇದು ದುರುಪಯೋಗ ಇರಬೇಕಂತ ಅವ್ರಿಗೆ ಸಂಶೇ. ಒಂದೊಂದಕ್ಕೂ ಕಾರಣಾ ಬರದ ಇವತ್ತ ಸಂಜೀಕ ಕಳಸಬೇಕು. ಇಲ್ಲಂದ್ರ ನನ್ನ ಖಾತೇನ ಬಂದ್ ಮಾಡ್ತಾರ. ಕಾಳಿನ ಅಂಗಡಿಯವ್ರು, ಕಾಲೇಜಿನವ್ರು, ನಲವತ್ತ ಗಿರಾಕಿ ಅದಾರ್ರಿ ಅದರಾಗ."

"ಎಲ್ಲಾದಕ್ಕೂ ಮನಸು ಬದಲಾತು ಅಂತ ಬರಿ" ಎಂದೆ.

"ಬದಲಾಗಿದ್ರ ಹಂಗ ಬರೀತೇನ್ರಿ. ಮನಸು ಬದಲಾದ್ರ, ಕೈತಪ್ಪಾದ್ರ ಅವ್ರು ಏನೂ ಅನ್ನಂಗಿಲ್ಲ. ಇಟ್ಕೊಳ್ಳೂ ಮನಸ ಇಲ್ಲದ ತಗೊಂಡಿದ್ರ ಅಷ್ಟ ಗಲತ."

ವೀರವ್ವ ನಡುವೆ ಬಾಯಿ ಹಾಕಿದಳು: "ಅಲ್ಲ ತಂಗಿ, ನಾನೂ ಅಂಗಡಿಂದ ನಾಕ ಸೀರಿ ಮನಿಗೆ ತಂದು ಮೂರು ತಿರುಗಿ ಕೊಡ್ತೇನಿ. ಅದು ಗಲತೇನು?"

"ಉಡೂ ಮನಸಿಂದ ತಂದ್ರ ಗಲತಲ್ರಿ ಆಂಟಿ. ಬಾಜೂ ಮನಿಯಾಕಿಗೆ ಸಿಗಬಾರದಂತ ತಂದ್ರ ಗಲತ."

ನಾನು ಕಾಗದ ನೋಡುತ್ತ ಕುಳಿತೆ. ಹದಿಮೂರು ಸಾಲುಗಳೂ ಒಂದೇ ನಮೂನೆ: ಕೊಂಡ ದಿನ, ಮರಳಿಸಿದ ದಿನ, ಬಂದ ರೊಕ್ಕ. ವಾರಗಿತ್ತಿಯ ಹೆಸರಿನ ಸಾಲಿಗೂ ನನ್ನ ಕುತಂತ್ರದ ಸಾಲಿಗೂ ಕಾಗದದ ಮೇಲೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದರಲ್ಲಿ, ಮತ್ತು ಅಲ್ಲಿಗೆ ಯಾವ ಕಂಪನಿಯೂ ಬಂದು ನೋಡಲಾರದು. ಸುಳ್ಳು ಬರೆದರೆ ದಕ್ಕುತ್ತಿತ್ತು.

"ನೀವು ಸಾಲ್ಯಾಗ ಒಬ್ಬರಿಗೂ ಸುಳ್ಳ ಸರ್ಟಿಫಿಕೇಟ್ ಕೊಟ್ಟವ್ರಲ್ಲ ಸರ್. ನೀವು ಹೇಳಿದ್ದನ್ನ ನಾ ಬರೀತೇನಿ" ಎಂದಳು ಫರ್ಹತ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಮೊದಲಿನ ಎರಡು ಸರಿ" ಎಂದೆ. "ಉಳಿದ ಹನ್ನೊಂದೂ ಗಲತ. ತಪ್ಪು ನಂದು, ನಿಂದಲ್ಲ ಅಂತಾನೂ ಬರಿ."

ವೀರವ್ವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಅಂದ್ರ ಆ ಮಾಲತೇಶನ ಮಕ್ಕಳೆಲ್ಲಾ ನೀವ ಏನ್ರಿ!"

"ಇನ್ನೊಂದೈತಿ, ಗಂಗಾ ಅಂತ" ಫರ್ಹತ ನನ್ನ ಮಾನ ಉಳಿಸಲು ಅವಸರಿಸಿದಳು. "ಅದನ್ನ ವಾಪಸ್ ಮಾಡಿಲ್ರಿ. ಹತ್ತ ವರ್ಷಕ್ಕ ತಗೊಂಡಾರ. ಅದು ಪೂರಾ ಸರಿ ಐತಿ." ನಾನು ಸ್ವಲ್ಪ ತಲೆ ಎತ್ತಿದೆ.

ಒಳಕೋಣೆಯ ಬಾಗಿಲಿಗೆ ನೇತ್ರಾ ಬಂದು ನಿಂತಿದ್ದಳು. "ಅಪ್ಪಾ, ಗಂಗಾ ತಗೊಂಡಾಂವ ನೀನ ಏನು?"

"ಹೂಂ ಅವ್ವಾ."

"ಅಜ್ಜಿ ಹೆಸರ ಇಡಬೇಕಂತ ನಾವು ಗಂಡಾ ಹೆಂಡ್ತಿ ಮೊದಲನೇ ವಾರದಾಗ ಮಾತಾಡಿದ್ವಿ. ನಿನಗ ತೊಟ್ಟಲದ ಮುಂದನ ಹೇಳೂಣಂತ ಸುಮ್ಮನಿದ್ವಿ. ಹುಡುಕಿದ್ರ ಯಾರೋ ತಗೊಂಡಾರಂತ ಬಂತು. ಬ್ಯಾರೆಯವ್ರ ಹೆಸರು ಬ್ಯಾಡ ಅಂತ ನೀನ ಹೇಳಿದ್ದಿ, ಅದಕ್ಕ ಬಿಟ್ಟಿವಿ." ಅವಳ ಕಣ್ಣು ತುಂಬಿತ್ತು. "ಒಂದ ಮಾತು ಹೇಳಿದ್ರ ಸಾಕಿತ್ತಲ್ಲಪ್ಪಾ."

ಕುತಂತ್ರದ ಹನ್ನೊಂದು ಹೆಸರುಗಳಿಂದ ಯಾರಿಗೂ ಹೆಚ್ಚಿನ ನಷ್ಟವಾಗಿರಲಿಲ್ಲ. ಮನಸಾರೆ, ನಿಯಮದ ಪ್ರಕಾರ, ಪೂರ್ತಿ ರೊಕ್ಕ ತೆತ್ತು ಕೊಂಡದ್ದೊಂದೇ ಮನೆ ಮುರಿದಿತ್ತು.

"ಸರ್," ಫರ್ಹತ ಮೆಲ್ಲಗೆ ಕೇಳಿದಳು, "ಒಂದು ಇಟ್ಕೊಂಡಾರಂತ ಅವ್ರಿಗೆ ತಿಳೀಲಿ, ಕಡೀಕ ಗಂಗಾನ ಸಾಲೂ ಹಾಕ್ತೇನಿ. ಅದರ ಮುಂದ ಏನಂತ ಬರೀಲಿ?"

"ಮಗಳಿಗೆ ಹೇಳೂದನ್ನ ಕಂಪನಿಗೆ ಹೇಳಿ ಬಂದಾರಂತ ಬರಿ ತಂಗಿ" ಎಂದಳು ವೀರವ್ವ.

ಫರ್ಹತ ಬರೆಯಲಿಲ್ಲ. ನಾನೇ ಪೆನ್ನು ಇಸಿದುಕೊಂಡು ಹಾಗೆಯೇ ಬರೆದು, ಕೆಳಗೆ ಸಹಿ ಹಾಕಿದೆ.