ಗ್ವಾದಲಹಾರಾಕ್ಕೆ ಬೆನ್ನು ಹಾಕಿ ನಿಂತದ್ದು

ವಿದೇಶಕ್ಕೆ ಹೋಗಿ ಬರುವುದು ಈಗ ದೊಡ್ಡ ಸಂಗತಿಯಲ್ಲ. ಬಂದ ಮೇಲೆ 'ಏನೇನು ನೋಡಿದಿರಿ?' ಎಂದು ಕೇಳುತ್ತಾರಲ್ಲ, ಅದಕ್ಕೆ ಉತ್ತರ ಹೇಳುವುದೇ ಕಷ್ಟ. ಅಂಗಡಿಗೆ ಬಂದ ರೈತರು ಕೇಳಿದರೆ ನನಗೇನೂ ತೊಂದರೆಯಿಲ್ಲ. 'ಭಾಳ ಚಂದ ಐತ್ರಿ' ಎಂದು ಹೇಳಿ, ಗೊಬ್ಬರದ ಚೀಲವನ್ನು ಗಾಡಿಗೆ ಹಾಕಿಸಿ ಕಳಿಸಿಬಿಡುತ್ತೇನೆ. ಹೆಂಡತಿಯ ಹತ್ತಿರ ಆ ಉತ್ತರ ನಡೆಯಲಿಲ್ಲ. ನಾನು ಮೆಕ್ಸಿಕೋ ದೇಶದ ಗ್ವಾದಲಹಾರಾ ಎಂಬ ನಗರದಲ್ಲಿ ಮೂರು ದಿನ ಇದ್ದು, ಅಲ್ಲಿಯ ಪ್ರೇಕ್ಷಣೀಯ ಸ್ಥಳಗಳಿಗೆಲ್ಲ ಹೋಗಿ, ಒಂದನ್ನೂ ನೋಡದೆ ಬಂದವನು. ಇದನ್ನು ಬರೆದು ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು.

ಸಿಂಧನೂರಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ನಮ್ಮ ದಂಧೆಯಲ್ಲಿ ಒಂದು ಪದ್ಧತಿಯುಂಟು: ಹೆಚ್ಚು ಬೀಜ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ವಿದೇಶಕ್ಕೆ ಕರೆದೊಯ್ಯುತ್ತಾರೆ. ಸಾಮಾನ್ಯವಾಗಿ ಬ್ಯಾಂಕಾಕ್. ಕಳೆದ ವರ್ಷ ಕಂಪನಿಯ ಸಾಹೇಬರಿಗೆ ಏನನ್ನಿಸಿತೋ, 'ಮೆಕ್ಕೆಜೋಳದ ತವರುಮನೆ ಮೆಕ್ಸಿಕೋ, ಮೆಕ್ಕೆಜೋಳ ಮಾರುವವರು ಅದನ್ನು ನೋಡಬೇಕು' ಎಂದರು. ಒಂದು ದಿನ ಹೊಲ, ಮೂರು ದಿನ ನಗರ. ಹೆಂಡಂದಿರಿಗೆ ಜಾಗವಿರಲಿಲ್ಲ. ತವರುಮನೆಗೆ ಹೆಂಡತಿಯನ್ನು ಬಿಟ್ಟು ಗಂಡನೊಬ್ಬನೇ ಹೋಗುವುದು ವಿಚಿತ್ರ ಎಂದು ನನಗೂ ಅನ್ನಿಸಿತ್ತು. ಆದರೆ ಅದನ್ನು ಸಾಹೇಬರ ಮುಂದೆ ಹೇಳಲಿಲ್ಲ.

ನನ್ನ ಹೆಂಡತಿ ಶಿವಲೀಲಾ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಾನು ಹೊರಡುವ ಹೊತ್ತಿಗೆ ಅವಳ ತಲೆಯಲ್ಲಿ ಬೇರೆಯದೇ ಒಂದು ವಿಷಯ ಕೂತಿತ್ತು. ಅವಳ ತವರೂರು ಪಾಮನಕಲ್ಲೂರಿನಲ್ಲಿ ವೀರಭದ್ರದೇವರ ಗುಡಿಗೆ ಹೊಸದಾಗಿ ಮಂಟಪ ಕಟ್ಟಿ, ಮೇಲೆ ಗುಮ್ಮಟ ಕೂಡಿಸಿದ್ದರು. ಗುಮ್ಮಟದ ಒಳಮೈಗೆ ಬೆಂಕಿಯ ನಡುವಿನಿಂದ ಮೇಲೇಳುವ ವೀರಭದ್ರನನ್ನು ಬರೆಯಬೇಕು, ಬರೆಯುವವಳು ಊರ ಮಗಳೇ ಆಗಬೇಕು ಎಂದು ಹಿರಿಯರು ಅವಳಿಗೆ ಹೇಳಿಕಳಿಸಿದರು. ಹದಿನೆಂಟು ವರ್ಷ ಮಕ್ಕಳಿಗೆ ಮಾವಿನಹಣ್ಣು, ಗುಡಿಸಲು, ರಾಷ್ಟ್ರಧ್ವಜ ಬರೆಸಿದವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಅವಳು ಖುಷಿಯಲ್ಲಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನದಿಂದ ಹೆದರಿಕೆಗೆ ಊಟ ಬಿಟ್ಟಳು. ಗೋಡೆಯ ಮೇಲೆ ಬರೆಯುವುದು ಬೇರೆ, ತಲೆಯ ಮೇಲಿನ ಗುಮ್ಮಟದಲ್ಲಿ ಬರೆಯುವುದು ಬೇರೆಯಂತೆ.

ಗ್ವಾದಲಹಾರಾದ ಹೆಸರು ಕೇಳಿದ್ದೇ ಅವಳು ಫೋನು ಹಿಡಿದು ಬಂದಳು. ಆ ಊರಿನಲ್ಲಿ ಒಂದು ಹಳೆಯ ಅನಾಥಾಲಯದ ಕಟ್ಟಡವಿದೆ, ಅದರ ಗುಮ್ಮಟದಲ್ಲಿ ಬೆಂಕಿಯಲ್ಲಿ ಉರಿಯುತ್ತ ಮೇಲೇರುವ ಮನುಷ್ಯನ ಚಿತ್ರವಿದೆ, ಅದನ್ನು ನೋಡಲೆಂದೇ ಕೆಳಗೆ ಬೆಂಚು ಹಾಕಿದ್ದಾರೆ, ಜನ ಅಂಗಾತ ಮಲಗಿ ನೋಡುತ್ತಾರೆ ಎಂದು ವಿವರಿಸಿದಳು.

"ನನಗ ಏನೂ ತರಬ್ಯಾಡ್ರಿ. ಸೀರಿ ಬ್ಯಾಡ, ಸೆಂಟು ಬ್ಯಾಡ. ಆ ಬೆಂಚಿನ ಮ್ಯಾಲ ಮಲಗಿ ಕಣ್ತುಂಬ ನೋಡಿಕೊಂಡ್ ಬರ್ರಿ. ಫೋನಿನ್ಯಾಗ ಬರೇ ಬೆಂಕಿ ಕಾಣತೈತಿ. ಕೆಳಗಿಂದ ನೋಡಿದ್ರ ಆ ಮನಷ್ಯಾನ ಪಾದ ದೊಡ್ಡವು ಕಾಣತಾವೋ, ತಲಿ ದೊಡ್ಡದು ಕಾಣತೈತೋ, ಅಷ್ಟ ಹೇಳ್ರಿ ಸಾಕು," ಎಂದಳು.

ಇಷ್ಟು ಸಣ್ಣ ಕೆಲಸ ಹೇಳಿದ ಹೆಂಡತಿ ನಮ್ಮ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ಆಣೆ ಮಾಡಿ ಹೋದೆ.

ಆದರೆ ಕಂಪನಿಯವರು ಒಂದು ಬ್ಯಾನರ್ ಮಾಡಿಸಿದ್ದರು. ಎಂಟು ಅಡಿ ಅಗಲ, ನಾಲ್ಕು ಅಡಿ ಎತ್ತರದ ಫ್ಲೆಕ್ಸು. ಅದರ ಮೇಲೆ ಕಂಪನಿಯ ಗುರುತಾದ ಮೆಕ್ಕೆಜೋಳದ ತೆನೆ, ಸಾಹೇಬರ ಮುಖ, ನಮಗೆಲ್ಲ ಅಭಿನಂದನೆ. ಪ್ರತಿ ಸ್ಥಳದಲ್ಲಿಯೂ ಅದನ್ನು ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿ, ಕೂಡಲೇ ಹೈದರಾಬಾದಿನ ಆಫೀಸಿಗೆ ಕಳಿಸಬೇಕು. ಇಪ್ಪತ್ತೆರಡು ವ್ಯಾಪಾರಿಗಳಲ್ಲಿ ಎತ್ತರದವರು ಇಬ್ಬರೇ, ನಾನು ಮತ್ತು ಮಸ್ಕಿಯ ಬಸಣ್ಣ. ಎಡತುದಿ ನನಗೆ, ಬಲತುದಿ ಅವನಿಗೆ. ಒಬ್ಬರ ಕಣ್ಣು ಮುಚ್ಚಿದೆ ಎಂದು ಇನ್ನೊಮ್ಮೆ, ಗಾಳಿಗೆ ಸಾಹೇಬರ ಮುಖ ಮಡಚಿದೆ ಎಂದು ಮತ್ತೊಮ್ಮೆ. ಅಷ್ಟರಲ್ಲಿ ಬಸ್ಸಿನ ಹಾರ್ನು. ಹೀಗಾಗಿ ಗ್ವಾದಲಹಾರಾದ ಯಾವ ಪ್ರೇಕ್ಷಣೀಯ ಸ್ಥಳದಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಅದರ ಎದುರಿಗೆ ಏನಿದೆ ಎಂದು ಕೇಳಿ, ಸವಿಸ್ತಾರವಾಗಿ ಹೇಳುತ್ತೇನೆ.

ಅವಳಿ ಗೋಪುರದ ದೊಡ್ಡ ಚರ್ಚಿನ ಎದುರು ಪಾರಿವಾಳಗಳಿಗೆ ಕಾಳು ಹಾಕುವ ಮುದುಕನೊಬ್ಬ ಕೂರುತ್ತಾನೆ, ಅವನ ಎಡಗಾಲಿನ ಬೂಟಿಗೆ ಲಾಡಿ ಇಲ್ಲ. ಕಂಬಗಳ ಸಾಲಿರುವ ಹೆಸರುವಾಸಿ ನಾಟಕಶಾಲೆಯ ಎದುರು ಬೂಟು ಪಾಲಿಶ್ ಮಾಡುವವರು ಎತ್ತರದ ಕುರ್ಚಿ ಹಾಕಿಕೊಂಡಿದ್ದಾರೆ. ಮಣ್ಣಿನ ಪಾತ್ರೆಗಳಿಗೆ ಪ್ರಸಿದ್ಧವಾದ ಬೀದಿಯಲ್ಲಿ ಪಾತ್ರೆಯ ಅಂಗಡಿಗಳು ನನ್ನ ಬೆನ್ನ ಹಿಂದಿದ್ದವು. ಮುಂದೆ ಒಬ್ಬಾಕೆ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಅಂಗೈಯಷ್ಟೇ ರೊಟ್ಟಿ, ನಮ್ಮವ್ವ ನೋಡಿದ್ದರೆ ಯಾವ ಮಗುವಿನ ಆಟಕ್ಕೆ ಎಂದು ಕೇಳುತ್ತಿದ್ದಳು. ಹಾಡುಗಾರರ ಚೌಕದಲ್ಲಿ ದೊಡ್ಡ ಟೊಪ್ಪಿಗೆಯವರು ತುತ್ತೂರಿ, ಪಿಟೀಲು ಹಿಡಿದು ನಮ್ಮ ಹಿಂದೆಯೇ ನಿಂತು ಬಾರಿಸಿದರು. ಕೇಳಿದ್ದು ಹೌದು. ಅವರ ಮುಖ ನೋಡಿಲ್ಲ. ಅವರೂ ನಮ್ಮ ಫೋಟೋದಲ್ಲಿ ಬಂದಿದ್ದಾರೆ, ನಮ್ಮ ತಲೆಗಳ ಹಿಂದೆ ಅವರ ಟೊಪ್ಪಿಗೆಗಳು ಮಾತ್ರ.

ಇದೆಲ್ಲ ಬ್ಯಾನರಿನ ತಪ್ಪು ಎಂದು ವಾದಿಸಬಹುದಿತ್ತು. ಆದರೆ ಕೊನೆಯ ದಿನ ಅನಾಥಾಲಯದ ಬಾಗಿಲಲ್ಲಿ ಕಾವಲುಗಾರ 'ಒಳಗೆ ಬ್ಯಾನರ್ ಬಿಚ್ಚುವಂತಿಲ್ಲ' ಎಂದು ಕೈಯಾಡಿಸಿದ. ಅದನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಒಳಗೆ ಹೋದೆ. ಕಲ್ಲಿನ ಕಟ್ಟಡ ತಂಪಾಗಿತ್ತು. ಗುಮ್ಮಟದ ಕೆಳಗೆ ಶಿವಲೀಲಾ ಹೇಳಿದ ಹಾಗೆಯೇ ಬೆಂಚುಗಳಿದ್ದವು. ಅಲ್ಲಿ ಮಧ್ಯಾಹ್ನ ಹನ್ನೆರಡು ಎಂದರೆ ಸಿಂಧನೂರಿನಲ್ಲಿ ರಾತ್ರಿ ಹನ್ನೊಂದೂವರೆ, ನಾನು ಹತ್ತಕ್ಕೇ ಮಲಗುವ ಮನುಷ್ಯ. ಆದರೂ ಅಂಗಾತ ಮಲಗಿದೆ. ಮೇಲೆ ಏನೋ ಕೆಂಪಗೆ ಕಂಡಿತು. ಕಣ್ಣು ಹೊಂದಿಕೊಳ್ಳಲಿ ಎಂದು ಒಂದು ಕ್ಷಣ ರೆಪ್ಪೆ ಮುಚ್ಚಿದೆ. ಬಸಣ್ಣ ಭುಜ ಅಲುಗಾಡಿಸಿ "ಏಳಲೇ ಅಮರೇಶ, ಬಸ್ಸು ಹೊಂಟೈತಿ" ಎಂದಾಗ ಮುಕ್ಕಾಲು ಗಂಟೆ ಆಗಿತ್ತು.

ಮನೆಗೆ ಬಂದೆ. ಶಿವಲೀಲಾ ನೀರು ಕೊಡುವ ಮೊದಲೇ ಕೇಳಿದಳು: "ಪಾದೇನ್ರಿ, ತಲಿಯೇನ್ರಿ?"

ನಿದ್ದೆ ಮಾಡಿದೆ ಎಂದು ಹೇಳಬಹುದಿತ್ತು. ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಅವಳು ಬಾಗಿಲಲ್ಲೇ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ನಿಂತಿದ್ದಳು. ನಾನು ಯೋಚಿಸಿದೆ. ನಮ್ಮ ಊರಿನ ಸರ್ಕಲ್ಲಿನಲ್ಲಿ ಕಟ್ಟುವ ಯಾವ ಫ್ಲೆಕ್ಸ್ ನೋಡಿದರೂ ತಲೆಯೇ ದೊಡ್ಡದಿರುತ್ತದೆ. ದೊಡ್ಡ ಮನುಷ್ಯರದು ಎಲ್ಲ ಕಡೆಯೂ ಹಾಗೆಯೇ ಇರಬೇಕು.

"ತಲಿ," ಎಂದೆ. "ಭಾಳ ದೊಡ್ಡದು."

ಅವಳು ಬರೆದುಕೊಂಡಳು.

ಮುಂದಿನ ರಜೆಗೆ ಪಾಮನಕಲ್ಲೂರಿಗೆ ಹೋದೆವು. ಅಟ್ಟಣಿಗೆ ಕಟ್ಟಿಸಿಕೊಂಡು, ಸೆರಗು ಸಿಕ್ಕಿಸಿ, ಅವಳು ಆರು ದಿನ ಕತ್ತು ನೋಯಿಸಿಕೊಂಡು ಇದ್ದಿಲಿನಲ್ಲಿ ಗೆರೆ ಎಳೆದಳು. ಏಳನೆಯ ದಿನ ಹಿರಿಯರನ್ನು ಕರೆದು ತೋರಿಸಿದಳು. ಎಂಟ್ಹತ್ತು ಜನ ಮಂಟಪದಲ್ಲಿ ನಿಂತು ಕತ್ತೆತ್ತಿದರು, ಎತ್ತಿದವರು ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅವಳ ಚಿಕ್ಕಪ್ಪನೇ ಮೆಲ್ಲಗೆ ಹೇಳಿದರು: "ಚಲೋ ಬಂದೈತವ್ವ. ಆದ್ರ ವೀರಭದ್ರ ಮ್ಯಾಲ ಹೊಂಟಂಗ ಕಾಣವಲ್ಲ. ತಲಿ ಕೆಳಗ ಮಾಡಿ ನಮ್ಮ ಮ್ಯಾಲ ಬೀಳಾಕ ಹತ್ಯಾನ."

ನಾನೂ ನೋಡಿದೆ. ಸತ್ಯವಾಗಿಯೂ ದೇವರು ನೇರವಾಗಿ ನನ್ನ ಮೇಲೆಯೇ ಬೀಳುತ್ತಿದ್ದ. ಹಿರಿಯರಲ್ಲೊಬ್ಬರು ಬೇಕಾದರೆ ಬರೇ ತಾವರೆ ಹೂವು ಬರೆದುಬಿಡು ಎಂದರು. ಶಿವಲೀಲಾಳ ಗಲ್ಲದ ಮೇಲೆ ಇದ್ದಿಲ ಮಸಿ ಇತ್ತು, ಕಣ್ಣಲ್ಲಿ ನೀರಿತ್ತು. ಅಷ್ಟಾದರೂ ಅವಳು ನನ್ನನ್ನು ಅನುಮಾನಿಸಲಿಲ್ಲ. ಅದೇ ನನಗೆ ಬಹಳ ಚುಚ್ಚಿತು.

ಆ ಮಧ್ಯಾಹ್ನ ಬಸಣ್ಣ ಬಂದ. ಮಸ್ಕಿಯಿಂದ ಈ ಕಡೆ ವಸೂಲಿಗೆ ಬಂದವನು ನನ್ನ ಗಾಡಿ ಕಂಡು ಇಳಿದನಂತೆ. ಶಿವಲೀಲಾ ಅವನನ್ನೂ ಕೇಳಿದಳು: "ಅಣ್ಣಾರ, ಆ ಗುಮ್ಮಟದ ಚಿತ್ರದಾಗ ತಲಿ ದೊಡ್ಡದಿತ್ತು, ಹೌದಲ್ರಿ?"

"ಯವ್ವಾ, ತಲಿ ಎಲ್ಲಿ ದೊಡ್ಡದು! ಪಾದ, ಮೊಳಕಾಲು ಇಷ್ಟಿಷ್ಟು ದೊಡ್ಡವು, ಮುಖ ಮ್ಯಾಲೆಲ್ಲೋ ಸಣ್ಣಗ. ಯಾರ್ ಹೇಳ್ಯಾರ ತಂಗಿ ನಿನಗ?" ಎಂದ ಬಸಣ್ಣ. ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ ನಗತೊಡಗಿದ. "ಇಂವೇನ್ ನೋಡ್ಯಾನ! ಗೊರಕಿ ಹೊಡಿಯಾಕ ಹತ್ತಿದ್ದ. ತಡಿ, ತೋರಸ್ತೀನಿ."

ತೋರಿಸಿದ. ಬೆಂಚಿನ ಮೇಲೆ ನಾನು. ಚಳಿಗೆ ಕಂಪನಿಯ ಬ್ಯಾನರನ್ನೇ ಹೊದ್ದುಕೊಂಡಿದ್ದೇನೆ, ಎದೆಯ ಮೇಲೆ ಸಾಹೇಬರ ಮುಖ. ಬಾಯಿ ಪೂರ್ತಿ ತೆರೆದಿದೆ. ನನ್ನ ಎಡಬಲಕ್ಕೆ ಇಬ್ಬರು ವಿದೇಶೀಯರು ಅಂಗಾತ ಮಲಗಿ ಗುಮ್ಮಟವನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಾರೆ.

ಶಿವಲೀಲಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ನನ್ನ ಮುಖವನ್ನು ದೊಡ್ಡದು ಮಾಡಿ ನೋಡಿದಳು. ಬೈಯಲಿಲ್ಲ. "ಭಾಳ ಚಲೋ ಬಂದೈತ್ರಿ ಅಣ್ಣಾರ. ನನಗೂ ಕಳಸ್ರಿ," ಎಂದಳಷ್ಟೇ. ಆಮೇಲೆ, ಪ್ರವಾಸದಿಂದ ನನ್ನ ಜೊತೆಗೇ ಬಂದು ಗಾಡಿಯ ಡಿಕ್ಕಿಯಲ್ಲಿ ಬಿದ್ದಿದ್ದ ಆ ಬ್ಯಾನರ್ ತಂದು ಗುಮ್ಮಟದ ಕೆಳಗೆ ಹಾಸಿದಳು.

"ಮಲಗ್ರಿ."

ಕಾಲು ಗರ್ಭಗುಡಿಯ ಕಡೆ ಬರದಂತೆ ಮಲಗಿದೆ. ಅವಳು ಇದ್ದಿಲು ಅಳಿಸಿ ಮತ್ತೆ ಬರೆದಳು. ನಾನು ಕೆಳಗಿನಿಂದ ಕೂಗುತ್ತಿದ್ದೆ: ಹೆಬ್ಬೆರಳು ಇನ್ನಷ್ಟು, ಮೊಳಕಾಲು ಆ ಕಡೆ, ಮುಖ ಸಾಕು ಸಾಕು. ಆ ರಜೆಯಲ್ಲಿ ಐದು ದಿನ, ಆಮೇಲೆ ತಿಂಗಳುಗಟ್ಟಲೆ ಪ್ರತಿ ಭಾನುವಾರ ಅಂಗಡಿ ಮುಚ್ಚಿ ಬಂದು ಮಲಗಿದೆ. ಗೆರೆ ಮುಗಿದು ಬಣ್ಣ ಏರಿತು. ಒಂದು ವಸ್ತುವನ್ನು ಅಷ್ಟು ಹೊತ್ತು ಕಣ್ಣು ಬಿಟ್ಟು ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನನ್ನ ಹೆಂಡತಿಗೆ ಇಂಥ ಕೈ ಇದೆ ಎಂದು ನನಗೆ ಗೊತ್ತಿರಲಿಲ್ಲ. ಪಾದಗಳು ಎಂಥವು ಬಂದವೆಂದರೆ, ಈಗಲೂ ಕೆಳಗೆ ನಿಂತರೆ ದೇವರು ನಮ್ಮನ್ನು ದಾಟಿ ಮೇಲೆ ಹೋಗುತ್ತಿದ್ದಾನೆ ಎಂದೇ ಅನ್ನಿಸುತ್ತದೆ. ಕೊನೆಯ ವಾರ ಮಾತ್ರ ಅವಳು ನನ್ನನ್ನು ಬರಗೊಡಲಿಲ್ಲ. ಸಣ್ಣ ಕೆಲಸ ಉಳಿದಿದೆ, ಒಬ್ಬಳೇ ಮುಗಿಸುತ್ತೇನೆ ಎಂದಳು.

ವೀರಭದ್ರನ ಕಾಲಬಳಿ ಸೊಕ್ಕು ಮುರಿದು ಬಿದ್ದ ದಕ್ಷನಿರಬೇಕು ಎಂಬುದನ್ನು ನಾನು ಮರೆತಿದ್ದೆ. ಈಗ ಗುಡಿಗೆ ಮಸ್ಕಿ, ಲಿಂಗಸುಗೂರಿನಿಂದಲೂ ಜನ ಬಂದು ಅಂಗಾತ ಮಲಗಿ ನೋಡುತ್ತಾರೆ. ಮೊನ್ನೆ ಬಂದ ಒಂದು ಕುಟುಂಬದವರು ನನ್ನ ಕೈಗೆ ಫೋನು ಕೊಟ್ಟು, ಫೋಟೋ ತೆಗೆಯಲು ಹೇಳಿ, ಸಾಲಾಗಿ ನಿಂತರು. 'ನಿಂತ್ರ ಏನೂ ಕಾಣಂಗಿಲ್ರಿ, ಮಲಗ್ರಿ' ಎಂದು ಅನುಭವದಿಂದ ಹೇಳಿದೆ. ಎಲ್ಲರೂ ಮಲಗಿದರು. ಅವರಲ್ಲಿದ್ದ ಮುದುಕಿ ಮೇಲೆ ಪಾದದ ಕೆಳಗೆ ಬಾಯಿ ತೆರೆದು ಬಿದ್ದವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೇಲೆ ನೋಡಿದಳು.

"ಯಪ್ಪಾ," ಎಂದಳು, "ನೀ ಕೆಳಗ ಯಾವಾಗ ಇಳದಿ?"