ಕುಬಟೂರು ಕೆರೆ ತೂಬಿನ ಕಪ್ಪು ಫೋಟೋ

ಸಂಖ್ಯೆ: ಕೆರೆ/ತೂಬು/ಬೆಳಕು/17/2024-25
ಕ್ಯಾಂಪ್: ಶಿಕಾರಿಪುರ, ದಿನಾಂಕ: 21-01-2025

ವಿಷಯ: ಸೊರಬ ತಾಲ್ಲೂಕು ಕುಬಟೂರು ಕೆರೆ ತೂಬಿನ ನೀರೊಳಗಿನ ಫೋಟೋ ಮೊದಲು ಕಪ್ಪಾಗಿ, ತದನಂತರ ಬಿಳಿಯಾಗಿ ಸಲ್ಲಿಕೆಯಾಗಿರುವ ಕುರಿತು.

ಉಲ್ಲೇಖ: 1. ನೀರುಗಂಟಿ ಜಟ್ಟಪ್ಪ ಸಲ್ಲಿಸಿದ ಮೂರು ಫೋಟೋಗಳು.
2. ಶ್ರೀಮತಿ ಈಶ್ವರಮ್ಮ ಇವರ ಮೌಖಿಕ ದೂರು (ಏರುದನಿಯಲ್ಲಿ).

ತೂಬಿನ ಬಾಯಿ ಸುಸ್ಥಿತಿಯಲ್ಲಿದೆ ಎಂದು ನೀರೊಳಗಿನ ಫೋಟೋದಿಂದ ದೃಢಪಡದ ಹೊರತು ಗದ್ದೆಗೆ ನೀರು ಬಿಡುವಂತಿಲ್ಲ. ತಮ್ಮ ಭತ್ತದ ಸಸಿಮಡಿ ನೀರಿಲ್ಲದೆ ಇನ್ನು ನಾಲ್ಕು ದಿನ ಮಾತ್ರ ತಡೆಯುತ್ತದೆ ಎಂದು ಈಶ್ವರಮ್ಮನವರು ತಿಳಿಸಿರುತ್ತಾರೆ. ಪರಿಶೀಲಿಸಲಾಗಿ, ಮೊದಲ ಫೋಟೋ ಪೂರ್ಣ ಕಪ್ಪಾಗಿದೆ. ಎರಡನೆಯದರಲ್ಲಿ ಫ್ಲ್ಯಾಶ್ ಹಾಕಿದ್ದರಿಂದ ಕೆಸರಿನ ಕಣಗಳು ಮಂಡಕ್ಕಿ ಎರಚಿದಂತೆ ಬೆಳ್ಳಗೆ ಕಂಡಿವೆ. ಮೂರನೆಯದರಲ್ಲಿ ಜಟ್ಟಪ್ಪನವರ ಹೆಬ್ಬೆರಳು ಮಾತ್ರ ಸರಿಯಾದ ಬೆಳಕಿನಲ್ಲಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಸೂರ್ಯ ನೆತ್ತಿಯ ಮೇಲಿರುವಾಗಲೇ ಫೋಟೋ ತೆಗೆಯತಕ್ಕದ್ದು. ಮೋಡ ಬಂದಲ್ಲಿ ಮೋಡದ ಫೋಟೋವನ್ನು ಪ್ರತ್ಯೇಕವಾಗಿ ಲಗತ್ತಿಸುವುದು.

2. ಫ್ಲ್ಯಾಶ್ ಬದಲು ಪಕ್ಕದಿಂದ ಟಾರ್ಚ್ ಬೆಳಕು ನೀಡುವುದು. ಟಾರ್ಚ್ ಹಿಡಿಯುವವರ ಹುದ್ದೆ ಮಂಜೂರಾಗದ ಕಾರಣ ಜಟ್ಟಪ್ಪನವರೇ ಪಕ್ಕದಲ್ಲಿಯೂ ಇರತಕ್ಕದ್ದು.

3. ಕಾಲು ತಾಗಿ ಎದ್ದ ಕೆಸರು ಕಚೇರಿ ವೇಳೆಯೊಳಗೆ ತಳ ಸೇರತಕ್ಕದ್ದು.

4. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಶಿಕಾರಿಪುರದ ಪರಿಶೀಲನಾ ಶಾಖೆಯು ವಾಟ್ಸಾಪ್ ಮೂಲಕ ತಿಳಿಸುವುದು. ಅಲ್ಲಿಯವರೆಗೆ ನೀರುಗಂಟಿಯು ಉಸಿರು ಬಿಡದೆ ಸ್ಥಳದಲ್ಲಿ ಹಾಜರಿರತಕ್ಕದ್ದು. ಈ ಬಗ್ಗೆ ಜಟ್ಟಪ್ಪನವರು "ಒಂದ್ಸಲ ನೀವೇ ಮುಳುಗಿ ನೋಡ್ರಿ ಸಾಹೇಬ್ರೆ, ಬೆಳಕು ಎಷ್ಟೈತಿ ಅಂತ ಗೊತ್ತಾಗ್ತೈತಿ" ಎಂದಿದ್ದನ್ನು ಸಲಹೆ ಎಂದು ದಾಖಲಿಸಿ ತಿರಸ್ಕರಿಸಲಾಗಿದೆ.

5. ಈ ಕಚೇರಿಯಿಂದ ಮಾದರಿಗಾಗಿ ಕಳುಹಿಸಿದ ಸಮುದ್ರದ ಫೋಟೋದಲ್ಲಿ ನೀರು ನೀಲಿಯಾಗಿದೆ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಸರಿಪಡಿಸಿದ ನಂತರವೂ ಕೆರೆಯ ನೀರು ಹಸಿರಾಗಿಯೇ ಉಳಿದಲ್ಲಿ ಕೆರೆಗೆ ನೋಟಿಸ್ ಜಾರಿ ಮಾಡಲಾಗುವುದು.

6. ಮೇಲಿನ ಎಲ್ಲವೂ ವಿಫಲವಾದಲ್ಲಿ, ಬೆಳಕಿಗೆ ಅಡ್ಡಿಯಾಗಿರುವುದು ನೀರೇ ಎಂದು ತಾಂತ್ರಿಕ ಸಮಿತಿ ಅಭಿಪ್ರಾಯಪಟ್ಟಿರುವುದರಿಂದ, ತೂಬು ತೆರೆದು, ನೀರು ಹೊರಬಿಟ್ಟು, ನೀರೊಳಗಿನ ಫೋಟೋವನ್ನು ಒಣ ತಳದಲ್ಲಿ ತೆಗೆಯಲು ಅನುಮತಿಸಿದೆ.

7. ಹಾಗೆ ಬಿಟ್ಟ ನೀರು ಫೋಟೋ ಉದ್ದೇಶಕ್ಕೆ ಮಾತ್ರ. ಅದು ಈಶ್ವರಮ್ಮನವರ ಸಸಿಮಡಿಯನ್ನು ಹಾದುಹೋಗುವಾಗ ಸಸಿಗಳು ಅದನ್ನು ಹೀರತಕ್ಕದ್ದಲ್ಲ.

ಸಹಿ/-
(ವೀರಬಸಪ್ಪ)
ಪ್ರಭಾರ ಅಧಿಕಾರಿ, ಬೆಳಕು ಮತ್ತು ನೆರಳು

ಪ್ರತಿಗಳು:
1. ಪರಿಶೀಲನಾ ಶಾಖೆ, ಶಿಕಾರಿಪುರ. ಮೊಬೈಲಿನ ಬ್ರೈಟ್‌ನೆಸ್ ಹೆಚ್ಚಿಸಿಕೊಳ್ಳಲು ಕೋರಿಕೆಯೊಂದಿಗೆ.
2. ಮೋಡಗಳು, ಸೊರಬ ತಾಲ್ಲೂಕು. ಮಾಹಿತಿಗಾಗಿ.
3. ಜಟ್ಟಪ್ಪ, ನೀರುಗಂಟಿ. (1ರಿಂದ 5ರವರೆಗೆ ಓದಲು ಬೆಳಕು ಸಾಲದ ಕಾರಣ ನೇರವಾಗಿ 6ನ್ನು ಜಾರಿಗೊಳಿಸಿರುವುದಾಗಿ ಹಿಂಬರಹ ನೀಡಿರುತ್ತಾರೆ.)
4. ಶ್ರೀಮತಿ ಈಶ್ವರಮ್ಮ. (ಸಸಿಮಡಿಯಲ್ಲಿ ನಿಂತು ಸ್ವೀಕರಿಸಿದ್ದು, ಕೈ ಒದ್ದೆಯಿದ್ದ ಕಾರಣ ಸಹಿ ಹರಡಿದೆ.)