ಬೀಗರು ಕೊಡಿಸಿದ ಗಾಲ್ಫ್ ಕೋಲು

ಅಳತೆಗೂ ನನಗೂ ಹುಟ್ಟಿದಾರಭ್ಯ ಕೂಡಿಬಂದಿಲ್ಲ. ಅಂಗಿ ತಂದರೆ ಹೆಗಲು ಸರಿಯಾದೀತು, ತೋಳು ಮೊಣಕೈ ದಾಟುವುದಿಲ್ಲ. ಅಂಗಡಿಯಲ್ಲಿ ಹೂವಿನಂತಿದ್ದ ಚಪ್ಪಲಿ ಮನೆ ಮುಟ್ಟುವಷ್ಟರಲ್ಲಿ ಕಚ್ಚಲು ಕಲಿತಿರುತ್ತದೆ. ನನ್ನ ಮದುವೆಗೆ ಯಾರಿಂದಲೋ ತಂದ ಕೋಟಿನ ಫೋಟೋ ಇನ್ನೂ ಗೋಡೆಯ ಮೇಲಿದೆ. ಬಂದವರಿಗೆಲ್ಲ ನನ್ನ ಹೆಂಡತಿ ನೀಲವ್ವ ಚಹಾದ ಜೊತೆ ಅದನ್ನೂ ತೋರಿಸುತ್ತಾಳೆ. "ಕೋಟ ಚಲೋ ಬಂದೈತಿ, ಒಳಗ ಇವ್ರೂ ಅದಾರ, ಸೂಕ್ಷ್ಮ ನೋಡ್ರಿ" ಅನ್ನುತ್ತಾಳೆ. ಇಂಥ ನಾನು ಹೊಟ್ಟೆ ಹೊರೆಯುವುದು ಮಾತ್ರ ಅಳತೆಯಿಂದಲೇ. ಗಜೇಂದ್ರಗಡದ ನೇಕಾರ ನಾನು. ಸೀರೆಯ ಅಂಚು ಎಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಸೀರೆಯನ್ನು ನಾನು ಉಡುವುದಿಲ್ಲವಲ್ಲ!

ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಕೆಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುವುದು. ನಮ್ಮಪ್ಪನ ಕಾಲು ಉದ್ದ. ಅವರ ನಂತರ ನಾನು ಕೂತಾಗ ನನ್ನ ಕಾಲು ಹಲಗೆಗೆ ಮುಟ್ಟಲಿಲ್ಲ. ಮಗ್ಗಕ್ಕೆ ಯಾರೂ ಕೈ ಹಚ್ಚಲಿಲ್ಲ. ಎರಡು ಬುಟ್ಟಿ ಮಣ್ಣು ಸುರಿದು ಕುಣಿಯ ತಳವನ್ನೇ ಎತ್ತರಿಸಿದರು. ಅಂದರೆ ನಮ್ಮ ಮನೆತನದಲ್ಲಿ ಸಾಮಾನಿಗೂ ಮನುಷ್ಯನಿಗೂ ಹೊಂದದಿದ್ದರೆ ತಪ್ಪು ನೆಲದ್ದು. ಈ ಮಾತು ಗೊತ್ತಿಲ್ಲದೆ ಮುಂದಿನ ಕಥೆ ಕೇಳಿದವರು ನನ್ನನ್ನು ಹುಚ್ಚ ಅಂದಾರು. ಗೊತ್ತಿದ್ದೂ ಕೆಲವರು ಅಂದಿದ್ದಾರೆ.

ನನ್ನ ಒಬ್ಬಳೇ ಮಗಳು ಗಿರಿಜಾಳನ್ನು ನರಗುಂದಕ್ಕೆ ಕೊಟ್ಟಿದ್ದೇವೆ. ಅವಳ ಮಾವ ಬಸವಣ್ಣೆಪ್ಪನವರು ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಎಲ್ಲರೂ ಅಲ್ಲಿಂದ ಪಿಂಚಣಿ ತಂದರೆ ಇವರು ಜೊತೆಗೆ ಗಾಲ್ಫಿನ ಚಟವನ್ನೂ ತಂದರು. ಹೋದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ಅಂಗಳದಲ್ಲಿ ಒಂದು ಹಿತ್ತಾಳೆ ತಂಬಿಗೆಯನ್ನು ನೆಲಮಟ್ಟಕ್ಕೆ ಹುಗಿದು, ತಮ್ಮ ಕೋಲಿನಿಂದ ಚೆಂಡನ್ನು ಮೆಲ್ಲಗೆ ತಟ್ಟಿದರು. ಸಾರಿಸಿದ ನೆಲದ ಮೇಲೆ ಅದು ನುಣ್ಣಗೆ ಉರುಳಿಹೋಗಿ ತಂಬಿಗೆಯೊಳಗೆ ಠಣ್ ಎಂದು ಬಿತ್ತು. ಆ ಸಪ್ಪಳಕ್ಕೆ ನಾನು ಸೋತುಹೋದೆ. ಮಗ್ಗದಲ್ಲಿ ಓಡುವ ಲಾಳಿಯ ಖಟಖಟ ಕೇಳಿ ಕೇಳಿ ಜಡ್ಡುಗಟ್ಟಿದ ಕಿವಿ ನನ್ನದು. ಅದಕ್ಕೆ ಯಾರೋ ಬೆಲ್ಲ ಸವರಿದಂತಾಯಿತು. ಚೆಂಡು ಉರುಳಿಸುವ ಆ ಕೋಲಿಗೆ ಪಟರ್ ಅನ್ನುತ್ತಾರಂತೆ. ನನಗೂ ಒಂದು ಬೇಕು ಅಂದೆ.

"ಹಂಗ ಯಾವುದರೆ ತಗೊಳ್ಳೂದಲ್ರಿ ಬೀಗರ," ಅಂದರು. "ಅಳತಿ ಪ್ರಕಾರ ಇರಬೇಕು. ಕೋಲ ಹಿಡದ ನಿಂತರ ಕಣ್ಣು ಚೆಂಡಿನ ನೆತ್ತಿಮ್ಯಾಲೆ, ಕೈ ಸಡಲ, ತುದಿ ಕಬ್ಬಿಣ ನೆಲಕ್ಕ ಮಟ್ಟಸ ಕುಂದರಬೇಕು." ಬೆಳಗಾವಿಯ ಅಂಗಡಿಗೆ ಹೋದಾಗ ಫೋನ್ ಮಾಡುವೆನೆಂದು ಹೇಳಿ ಹೋದರು.

ಮಾಡಿದರು. "ಮಣಿಕಟ್ಟಿನಿಂದ ಪಾದದ ತನಕ ಅಳದ ಹೇಳ್ರಿ, ಲಗೂ" ಅಂದರು. ನಾನು ಮಗ್ಗದ ಮೇಲಿದ್ದೆ. ನೀಲವ್ವನನ್ನು ಕೂಗಿ, ಕೂತಲ್ಲೇ ಕೈ ಇಳಿಬಿಟ್ಟೆ. ಅವಳು ಟೇಪನ್ನು ಕುಣಿಯೊಳಗೆ ಇಳಿಸಿ ಪಾದದವರೆಗೆ ಅಳೆದಳು. ಹೇಳಿದೆ. ಎದ್ದು ನಿಂತು ಅಳೆಯಬೇಕೆಂದು ಅವರು ಹೇಳಲಿಲ್ಲ. ಕೂತು ಅಳೆಯುವ ಮನುಷ್ಯನೊಬ್ಬ ಇರಬಹುದೆಂದು ಅವರಿಗೆ ಹೊಳೆದಿರಲಾರದು. ನನಗಂತೂ ಕೂತದ್ದೇ ನನ್ನ ಎತ್ತರ. ಬೀಗರು "ಖರೇನ ಅಷ್ಟ ಏನ್ರಿ?" ಅಂತ ಕೇಳಿದರು. "ನೇಕಾರನ ಅಳತಿರಿ, ತಪ್ಪಂಗಿಲ್ಲ" ಅಂದೆ. ಹೆಣ್ಣು ತಂದುಕೊಂಡ ಮನೆಯ ಅಳತೆಯನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂದು ಅವರೂ ಸುಮ್ಮನಾದರು. ಅಷ್ಟು ಗಿಡ್ಡನೆಯದು ಅಂಗಡಿಯಲ್ಲೇ ಇರಲಿಲ್ಲವಂತೆ. ಹೆಂಗಸರ ಕೋಲುಗಳಲ್ಲೇ ಎಲ್ಲಕ್ಕಿಂತ ಗಿಡ್ಡನೆಯದನ್ನು ಆರಿಸಿ ರೋಣದ ಬಸ್ಸಿಗೆ ಹಾಕಿ ಕಳಿಸಿದರು.

ಬಂತು. ಹಿಡಿದು ನಿಂತೆ. ಕೋಲು ಮೊಣಕಾಲಿನ ಹತ್ತಿರ ಮುಗಿಯಿತು. ಬಗ್ಗಿದರೆ ಕಬ್ಬಿಣದ ಮೂತಿ ಆಕಾಶ ನೋಡುತ್ತದೆ, ಕಣ್ಣು ಚೆಂಡು ದಾಟಿ ಪಕ್ಕದ ಮನೆಯ ಎಮ್ಮೆಯನ್ನು ನೋಡುತ್ತದೆ. ಬೀಗರು ಪ್ರೀತಿಯಿಂದ ಕಳಿಸಿದ್ದನ್ನು ಹಿಂದಿರುಗಿಸುವುದುಂಟೇ? ಮನೆತನದ ಬುದ್ಧಿ ಓಡಿತು. ಗುದ್ದಲಿ ತಂದು ಅಂಗಳದಲ್ಲಿ ಎರಡೂ ಕಾಲು ಮೊಣಕಾಲಿನ ತನಕ ಇಳಿಯುವಷ್ಟು ಕುಣಿ ತೋಡಿ, ಒಳಗಿಳಿದು ನಿಂತೆ. ಕಣ್ಣು ಚೆಂಡಿನ ನೆತ್ತಿಯ ಮೇಲೆ! ಕೈ ಸಡಿಲ! ಕಬ್ಬಿಣ ಮಟ್ಟಸ! ತಟ್ಟಿದೆ, ಠಣ್ ಎಂದಿತು. ಜನ್ಮದಲ್ಲಿ ಮೊದಲ ಸಲ ಒಂದು ವಸ್ತು ನನ್ನ ಅಳತೆಗೆ ಬಂದಿತ್ತು. ಆನಂದಕ್ಕೆ ಕುಣಿದಾಡಬೇಕೆನಿಸಿತು, ಮೊದಲು ಮೇಲಕ್ಕೆ ಹತ್ತಬೇಕಿತ್ತು.

ಇಷ್ಟಾಗುವಾಗ ಶ್ರಾವಣ ಬಂತು, ಗಿರಿಜಾ ಪಂಚಮಿಗೆ ತವರಿಗೆ ಬಂದಳು. ಅವಳು ಬಂದರೆ ಮನೆಯ ದೀಪಕ್ಕೆ ಎಣ್ಣೆ ಹೆಚ್ಚು ಹಾಕಿದಂತೆ ಇರುತ್ತದೆ. ಗಣಪತಿ ಹಬ್ಬದವರೆಗೆ ಇರಲೆಂದು ನನ್ನಾಸೆ. ಬೀಗರಿಗೆ ಫೋನ್ ಮಾಡಿ ಹೇಳಿದರೆ ಅವರದೂ ಹಟ: "ಆಕಿ ಇಲ್ಲದ ಮನ್ಯಾಗ ಚಹಾಕ್ಕ ರುಚಿ ಇಲ್ರಿ ಬೀಗರ. ಹಬ್ಬದ ಮರುದಿನ ಕರಕೊಂಡ ಹೋಗಾಂವ." ನರಗುಂದವೇನು ಸಮುದ್ರದಾಚೆ ಇಲ್ಲ, ರೋಣದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಆದರೂ ಇಬ್ಬರು ಮುದುಕರು ಒಂದು ಹುಡುಗಿಗಾಗಿ ಜಗ್ಗಾಡಿದೆವು. ಕೊನೆಗೆ ಬೀಗರೇ ಪಂಚಮಿಯ ದಿನ ನಮ್ಮ ಅಂಗಳದಲ್ಲೇ ತೀರ್ಮಾನವಾಗಲಿ ಅಂದರು. ಇಬ್ಬರಿಗೂ ಮೂರು ಮೂರು ಚೆಂಡು. ನಾನು ಗೆದ್ದರೆ ಗಿರಿಜಾ ಗಣಪತಿ ಕಳಿಸಿಯೇ ಹೋಗುವುದು, ಅವರು ಗೆದ್ದರೆ ಮರುದಿನವೇ. ಈ ಕರಾರು ಹೆಂಗಸರಿಗೆ ತಿಳಿಸುವ ಅಗತ್ಯ ನಮಗಿಬ್ಬರಿಗೂ ಕಾಣಲಿಲ್ಲ. ಅಂದಿನಿಂದ ಮಗ್ಗ ಬಿಟ್ಟರೆ ಅಂಗಳ, ಅಂಗಳ ಬಿಟ್ಟರೆ ಮಗ್ಗ. ಒಂದು ಕುಣಿಯಿಂದ ಇನ್ನೊಂದು ಕುಣಿಗೆ ಓಡಾಡಿದೆ. ಗಿರಿಜಾ ಬಾಗಿಲಲ್ಲಿ ನಿಂತು "ಅಪ್ಪಾ, ಚಹಾ" ಅಂದರೆ "ಅಲ್ಲೇ ಇಡವಾ" ಅನ್ನುತ್ತಿದ್ದೆ.

ಪಂಚಮಿಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಅಂಗಳ ಕನ್ನಡಿ! ನೀಲವ್ವ ತಂಬಿಗೆಯೊಂದನ್ನು ಬಿಟ್ಟು ಕುಣಿ ಮುಚ್ಚಿ, ಸಾರಿಸಿ, ರಂಗೋಲಿ ಹಾಕಿಬಿಟ್ಟಿದ್ದಾಳೆ. ಗುದ್ದಲಿಗೆ ಕೈ ಹಾಕಿದೆ. "ತಲಿ ನೆಟ್ಟಗೈತೇನ್ರಿ?" ಎಂದು ಓಡಿಬಂದಳು. "ಇವತ್ತ ಒಲಿ ಮ್ಯಾಲೆ ಹಂಚ ಸುದ್ದಾ ಇಡಂಗಿಲ್ಲ. ನಾಗಪ್ಪನ ಹಬ್ಬದಾಗ ನೆಲ ಅಗಿತಾರಂತ, ನೆಲ!" ನಾಗಪ್ಪನ ದಿನ ನೆಲಕ್ಕೆ ಲೋಹ ತಾಗಿಸುವ ಧೈರ್ಯ ನನಗೂ ಇರಲಿಲ್ಲ. ಅಷ್ಟರಲ್ಲಿ ಬೀಗರು ಬಿಳಿ ಟೋಪಿ ಹಾಕಿಕೊಂಡು ಬಸ್ಸಿಳಿದು ಬಂದೇಬಿಟ್ಟರು.

ಸಮನೆಲದ ಮೇಲೆ ಆ ಕೋಲು ಹಿಡಿದು ನಾನು ಬಗ್ಗಿದ್ದನ್ನು ಕಂಡು ಬೀಗರು "ಬೀಗರ, ಏನರ ಬಿದ್ದೈತೇನ್ರಿ?" ಅಂದರು. ನನ್ನ ಮೊದಲ ಚೆಂಡು ತುಳಸಿಕಟ್ಟೆಗೆ, ಎರಡನೆಯದು ಗಟಾರಕ್ಕೆ, ಮೂರನೆಯದು ಎಮ್ಮೆಯ ಕಾಲಿಗೆ. ಬೀಗರಾದರೂ ಏನು ಮಾಡಿದರು? ಆಟಕ್ಕೆ ಮೊದಲೇ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲವನ್ನೂ ನೀಲವ್ವ ಒತ್ತಾಯ ಮಾಡಿ ತಿನ್ನಿಸಿದ್ದಳು. ಅವರಿಗೆ ಹೊಟ್ಟೆ ಅಡ್ಡ ಬಂದು ಚೆಂಡೇ ಕಾಣಲಿಲ್ಲ. ಅವರವೂ ಮೂರಕ್ಕೆ ಮೂರೂ ಹೊರಗೆ. "ಇನ್ನೊಂದ ಸಲ" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. "ಗಿರಿಜಾ ಹೋಗೂ ಮಾತು ಇವತ್ತ ಇತ್ಯರ್ಥ ಆಗಬೇಕು!"

ಗಿರಿಜಾ ಬಾಗಿಲಲ್ಲೇ ಇದ್ದಳು. "ನಾ ಹೋಗೂ ಮಾತು ಈ ತಂಬಿಗಿಯೊಳಗ ಐತೇನು?" ಅಂದಳು. ಇಬ್ಬರೂ ತಲೆ ತಗ್ಗಿಸಿ ನಿಂತೆವು. ಅವಳು ನೆರಿಗೆ ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಕೋಲು ಇಸಿದುಕೊಂಡು ನಿಂತಳು. ತಾಯಿಯಂತೆ ಗಿಡ್ಡ ಹುಡುಗಿ. ಕಬ್ಬಿಣ ಮಟ್ಟಸ ಕೂತಿತು, ಕೈ ಸಡಿಲ, ಕಣ್ಣು ನೆತ್ತಿಯ ಮೇಲೆ. ತಟ್ಟಿದಳು. ಠಣ್!

ಬೀಗರು ಚಪ್ಪಾಳೆ ತಟ್ಟಿದರು. ನಾನು ಅವರಿಗಿಂತ ಜೋರಾಗಿ ತಟ್ಟಿದೆ, ನನ್ನ ಮಗಳು ತವರನ್ನು ಬಿಟ್ಟು ಇನ್ನೇನು ಕೇಳಿಯಾಳು ಎಂಬ ಧೈರ್ಯ.

"ಗೆದ್ದಾಕಿ ನಾನು," ಅಂದಳು. "ಮಾವಾರ, ನಾಳೆ ಮುಂಜಾನಿ ಬಸ್ಸಿಗೆ ಹೋಗೂಣ್ರಿ."

ನನ್ನ ಚಪ್ಪಾಳೆ ಅರ್ಧಕ್ಕೇ ನಿಂತಿತು. "ಯಾಕವಾ, ನಮ್ಮನಿ ಬ್ಯಾಸರಾತೇನು?"

"ಮನಿ ಎಲ್ಲಿ ಬ್ಯಾಸರಾಗತೈತಪಾ? ನಾ ಬಂದಾಗಿಂದ ಒಮ್ಮೆರ ನನ್ನ ಕೂಡ ಕುಂತ ಚಹಾ ಕುಡದಿಯೇನು? ನಿನ್ನ ಬೆನ್ನ ನೋಡಾಕ ಬಂದಂಗಾತು."

ಅವಳನ್ನು ಇರಿಸಿಕೊಳ್ಳಬೇಕೆಂದೇ ಅಷ್ಟೆಲ್ಲ ಪಟ್ಟು ಹಿಡಿದು ಅಭ್ಯಾಸ ಮಾಡಿದ್ದು. ಇದ್ದವಳ ಮುಖ ನೋಡಿರಲಿಲ್ಲ. ಕಣ್ಣು ತುಂಬಿತು, ಟೋಪಿಯಿಲ್ಲದ್ದಕ್ಕೆ ಎಲ್ಲರಿಗೂ ಕಂಡಿತು. ಬೀಗರು ದೊಡ್ಡ ಮನುಷ್ಯರು. ಹಬ್ಬದ ಮರುದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲವೆಂದು ಒಂದು ನೆಪ ತೆಗೆದು, "ಇನ್ನೊಂದ ವಾರ ಇರವಾ, ನಾನೂ ಇರ್ತೀನಿ" ಅಂದರು.

ಆ ವಾರ ನಾನು ಕೋಲು ಮುಟ್ಟಲಿಲ್ಲ. ಗಿರಿಜಾ ಕೂತಲ್ಲಿ ಕೂತೆ. ಚಹಾ ಕುಡಿದೆ, ಕುಡಿಸಿದೆ, ನನ್ನ ಬಾಲ್ಯದಿಂದ ಹಿಡಿದು ನೂಲಿನ ಬಣ್ಣದವರೆಗೆ ಎಲ್ಲವನ್ನೂ ಬಿಡದೆ ಹೇಳಿದೆ. ಅವಳು ಅಡುಗೆಮನೆಗೆ ಹೋದರೆ ಅಲ್ಲಿಗೂ ಮಣೆ ಹಾಕಿಕೊಂಡು ಹೋದೆ. ನಾಲ್ಕನೆಯ ದಿನ ಮತ್ತೆ ಒಲೆಯ ಮೇಲೆ ಚಹಾ ಇಡಲು ಹೇಳಿದಾಗ ಅವಳು ನನ್ನ ಭುಜ ಹಿಡಿದು, ಬಲು ಪ್ರೀತಿಯಿಂದ, ಅಂಗಳದ ಕಡೆಗೆ ತಿರುಗಿಸಿದಳು.

"ಅಪ್ಪಾ, ಮಾವಾರು ಒಬ್ಬರ ಆಡಾಕತ್ತಾರ. ಸ್ವಲ್ಪ ಹೋಗಿ ಆಡಿ ಬಾರಪಾ, ನಿನ್ನ ಕಾಲಿಗೆ ಬೀಳ್ತೀನಿ."